ಮಳೆ ಬಿಟ್ಟ ಮೇಲೆ ಹತ್ತಿ ಎಲೆ ಸುಟ್ಟಂತಾಗುವುದೇಕೆ?

ಪ್ರಶ್ನೆ: ಆದೋನಿ ಹತ್ತಿರ ಎರೆಹೊಲದಲ್ಲಿ ಹತ್ತಿ ಹಾಕಿದ್ದೇವೆ. ಮುಂಗಾರು ಚೆನ್ನಾಗಿ ಬಂತು, ಆಮೇಲೆ ಮಳೆ ಕೈಕೊಟ್ಟಿತು. ಈಗ ಎಲೆಗಳ ಮೇಲೆ ಸುಟ್ಟಂಥ ಚುಕ್ಕೆ, ಮೊಗ್ಗು ಒಣಗಿ ಉದುರುತ್ತಿವೆ. ಅಂಗಡಿಯವರು ವೈರಸ್ ಅಂತಾರೆ. ಯಾವ ಎಣ್ಣೆ ಹೊಡೀಬೇಕು?

ಉತ್ತರ: ವೈರಸ್ಸೇ ಆಗಿದ್ದರೆ ಅದನ್ನು ಕೊಲ್ಲುವ ಎಣ್ಣೆ ಯಾವ ಅಂಗಡಿಯಲ್ಲೂ ಇಲ್ಲ. ದುಡ್ಡು ಬಿಚ್ಚುವ ಮುಂಚೆ ಇಷ್ಟು ಗೊತ್ತಿರಲಿ.

ಹತ್ತಿಗೆ ವೈರಸ್ ಅಂದಕೂಡಲೇ ಎಲ್ಲರೂ ಬಿಳಿನೊಣದತ್ತ ಬೆರಳು ತೋರಿಸುತ್ತಾರೆ. ಬಿಳಿನೊಣ ಹರಡುವ ಎಲೆಮುರುಟು ರೋಗ ಮುಖ್ಯವಾಗಿ ಪಂಜಾಬ್, ಹರಿಯಾಣ, ರಾಜಸ್ಥಾನದ ಪಿಡುಗು. ಅದರಲ್ಲಿ ಎಲೆಯ ನರ ದಪ್ಪಗಾಗಿ ಎಲೆಯೇ ಮುರುಟಿಕೊಳ್ಳುತ್ತದೆ. ನೀವು ಹೇಳುವ ಲಕ್ಷಣ ಟೊಬ್ಯಾಕೊ ಸ್ಟ್ರೀಕ್ ವೈರಸ್‌ಗೆ ಹೆಚ್ಚು ಹೊಂದುತ್ತದೆ. 2000ನೇ ಇಸವಿಯಲ್ಲಿ ಪಕ್ಕದ ಅನಂತಪುರದಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾಕ್ಕೆ ಬಡಿದದ್ದು ಇದೇ ವೈರಸ್.

ಇದರ ತವರು ನಿಮ್ಮ ಬದುವಿನ ಮೇಲಿದೆ: ಪಾರ್ಥೇನಿಯಂ, ಅದೇ ಕಾಂಗ್ರೆಸ್ ಕಸ. ವೈರಸ್ ಹೊತ್ತ ಗಿಡವೂ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ವೈರಸ್ ಇರುವುದು ಅದರ ಪರಾಗದಲ್ಲಿ. ಮುಂಗಾರಿನ ಮೊದಲ ಮಳೆಗೆ ಮೊಳೆತು, ಹತ್ತಿ ಇನ್ನೂ ಎಳೆಯದಿರುವಾಗಲೇ ಇದು ಹೂಬಿಡುತ್ತದೆ. ಒಂದು ಬಿಳಿಹೂವನ್ನು ಅಂಗೈ ಮೇಲೆ ಕೊಡವಿ ನೋಡಿ, ದಾರದ ಚೂರಿನಂಥ ಸಣ್ಣ ಹುಳ ಹರಿದಾಡುತ್ತದೆ. ಅದು ಥ್ರಿಪ್ಸ್. ಮೈಗೆ ಪರಾಗ ಅಂಟಿಸಿಕೊಂಡು ಗಾಳಿಯಲ್ಲಿ ಹತ್ತಿಗೆ ಬಂದು, ಎಲೆ ಕೆರೆದು ರಸ ಹೀರುತ್ತದೆ. ಪರಾಗದಲ್ಲಿನ ವೈರಸ್ ಒಳಗೆ ಇಳಿಯುವುದು ಆ ಗಾಯದಿಂದ.

ಜೋರು ಮಳೆ ಬಂದರೆ ಥ್ರಿಪ್ಸ್ ತೊಳೆದು ಹೋಗುತ್ತವೆ. ಮಳೆ ಬಿಟ್ಟು ಬಿಸಿಲು ಒಣಗಾಳಿ ಹಿಡಿದರೆ ದಿಢೀರನೆ ಹೆಚ್ಚುತ್ತವೆ. ಮೊದಲು ಮಳೆ ಬಂದು ಕಸ ಹೂಬಿಡಬೇಕು, ಆಮೇಲೆ ಮಳೆ ನಿಂತು ಹುಳ ಹೆಚ್ಚಬೇಕು. ನಿಮಗೆ ಈ ವರ್ಷ ಆದದ್ದು ಇದೇ.

ಹೀಗಾಗಿ ಎಣ್ಣೆಯೊಂದನ್ನೇ ನಂಬಿದರೆ ಸಾಲದು. ಇವತ್ತು ಹುಳ ಸತ್ತರೂ ಪರಾಗ ಎಲೆ ಮೇಲೆಯೇ ಇರುತ್ತದೆ, ನಾಳೆ ಬದುವಿನಿಂದ ಹೊಸ ಹುಳ ಬರುತ್ತದೆ. ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳನ್ನು ಮೇಲಿಂದ ಮೇಲೆ ಹೊಡೆದರೆ ಬಿಳಿನೊಣ ಹೆಚ್ಚುವುದೂ ಉಂಟು. ಸುಮ್ಮನೆ ಸಾಲ ಬೆಳೆಸಬೇಡಿ.

ಗಿಡ ಕೀಳುವ ಆತುರವೂ ಬೇಡ. ಹತ್ತಿಯಲ್ಲಿ ಎಷ್ಟೋ ಸಲ ಹೊಸ ಚಿಗುರು ಚೆನ್ನಾಗಿಯೇ ಬರುತ್ತದೆ. ಎಲೆ ಅಂಚಿನಿಂದ ಹಳದಿಯಾಗಿ, ಕೆಂಪಾಗಿ ಕೆಳಕ್ಕೆ ಮಡಚಿದ್ದರೆ ಅದು ವೈರಸ್ ಅಲ್ಲ, ಹಸಿರು ಜಿಗಿಹುಳುವಿನ ಕೆಲಸ. ಅದಕ್ಕೆ ಔಷಧ ಕೆಲಸ ಮಾಡುತ್ತದೆ. ಅನುಮಾನವಿದ್ದರೆ ಎಲೆಯಿರುವ ಒಂದು ರೆಂಬೆಯನ್ನು ಎಮ್ಮಿಗನೂರು ಹತ್ತಿರದ ಬನವಾಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಇಲ್ಲವೇ ನಂದ್ಯಾಲದ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ.

ಬರುವ ಮುಂಗಾರಿಗೆ ಕಾಂಗ್ರೆಸ್ ಕಸವನ್ನು ಹೂವಿಗೆ ಮುಂಚೆಯೇ ಕಿತ್ತುಹಾಕಿ; ಪಕ್ಕದ ಹೊಲದವರೂ ಕೈ ಹಾಕಿದರೆ ಮಾತ್ರ ಫಲ. ಹೊಲದ ಸುತ್ತ ನಾಲ್ಕು ಸಾಲು ಜೋಳ ಒತ್ತಾಗಿ ಬಿತ್ತಿ. ಹತ್ತಿಗಿಂತ ಎತ್ತರ ಬೆಳೆದು, ಗಾಳಿಯಲ್ಲಿ ಬರುವ ಹುಳವನ್ನು ಬಹುಪಾಲು ಅಂಚಿನಲ್ಲೇ ತಡೆಯುತ್ತದೆ.