ಸೊಪ್ಪು ಒಂದೇ, ನೆನೆಹಾಕಿದ್ದು ಯಾವುದರಲ್ಲಿ?

ದಾವಣಗೆರೆಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡುವವರನ್ನು ನೋಡಿ. ಅರಿಶಿನ ಮೊದಲು ಕಾದ ಎಣ್ಣೆಗೆ ಬೀಳುತ್ತದೆ, ಆಮೇಲೆ ನೆನೆಸಿದ ಮಂಡಕ್ಕಿ. ಒಂದೊಂದಕ್ಕೂ ಹಳದಿ ಹತ್ತುತ್ತದೆ. ಅದೇ ಪುಡಿಯನ್ನು ಲೋಟದ ತಣ್ಣೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ತಳ ಸೇರುತ್ತದೆ. ಆ ಹಳದಿಯ ಹೆಸರು ಕರ್ಕ್ಯುಮಿನ್. ನೀರಿಗೆ ಅದು ಕರಗುವುದೇ ಇಲ್ಲ ಅನ್ನಬಹುದು. ಆಲ್ಕೋಹಾಲ್, ಅಸಿಟೋನ್‌ಗಾದರೆ ಬೇಗ ಕರಗುತ್ತದೆ. ಗಿಡಮೂಲಿಕೆ ಬ್ಯಾಕ್ಟೀರಿಯಾ ತಡೆಯುತ್ತದೋ ಇಲ್ಲವೋ ಎಂಬ ಪರೀಕ್ಷೆಯೂ ಹೀಗೇ. ಯಾವ ದ್ರಾವಕದಲ್ಲಿ, ಅಂದರೆ ಕರಗಿಸುವ ದ್ರವದಲ್ಲಿ, ಸಾರ ತೆಗೆದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನಮ್ಮ ಹಳೆಯ ವೈದ್ಯಕ್ಕೆ ಇದರ ಅರಿವಿತ್ತು. ಚರಕ ಸಂಹಿತೆ ಐದು ಬಗೆ ಹೇಳುತ್ತದೆ: ಹಿಂಡಿದ ರಸ, ಅರೆದ ಕಲ್ಕ, ಕುದಿಸಿದ ಕಷಾಯ, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದ್ದು, ಬಿಸಿನೀರು ಹುಯ್ದು ಸೋಸಿದ್ದು. ನೀರಿಗೆ ಬಾರದ್ದಕ್ಕೆ ಎಣ್ಣೆ, ತುಪ್ಪ. ಅರಿಷ್ಟ ಎಂಬ ಔಷಧದಲ್ಲಂತೂ ಹುದುಗು ಬಂದು ಆಲ್ಕೋಹಾಲ್ ತಾನಾಗಿಯೇ ಹುಟ್ಟುತ್ತದೆ.

1879ರಲ್ಲಿ ಜರ್ಮನಿಯ ಸಾಕ್ಸ್‌ಲೆಟ್ ಒಂದು ಗಾಜಿನ ಉಪಕರಣ ಮಾಡಿದರು. ಉದ್ದೇಶ ಹಾಲಿನ ಕೊಬ್ಬು ಅಳೆಯುವುದು. ಇವತ್ತು ಕಾಲೇಜು ಲ್ಯಾಬ್‌ಗಳಲ್ಲಿ ಸೊಪ್ಪು, ತೊಗಟೆಯ ಸಾರ ಇಳಿಸುವುದು ಅದರಲ್ಲೇ. ಪೆನಿಸಿಲಿನ್ ಆಸೆ ಹುಟ್ಟಿಸಿದ ಮೇಲೆ, 1943ರಲ್ಲಿ ಇ. ಎಂ. ಆಸ್ಬೋರ್ನ್ ಸುಮಾರು 2,300 ಜಾತಿಯ ಗಿಡಗಳು ಬ್ಯಾಕ್ಟೀರಿಯಾ ತಡೆಯುತ್ತವೆಯೇ ಎಂದು ಪರೀಕ್ಷಿಸಿ ವರದಿ ಬರೆದರು.

ಆದರೆ ನನ್ನನ್ನು ಹೆಚ್ಚು ಕಾಡುವುದು ಚೀನಾದ ಟು ಯೂಯೂ ಅವರ ಕೆಲಸ. ಅವರ ಗುರಿ ಮಲೇರಿಯಾ, ಬ್ಯಾಕ್ಟೀರಿಯಾ ಅಲ್ಲ. ಪಾಠ ಮಾತ್ರ ಎರಡಕ್ಕೂ ಒಂದೇ. ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೇ ಶತಮಾನದ ಒಂದು ಗ್ರಂಥದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಬೇಕು ಎಂದಷ್ಟೇ ಇತ್ತು. ಕುದಿಸುವ ಮಾತೇ ಇರಲಿಲ್ಲ. ಬಿಸಿಗೆ ಗುಣ ಕೆಡುತ್ತಿದೆ ಎಂದು ಅವರಿಗೆ ಹೊಳೆಯಿತು. 35 ಡಿಗ್ರಿಗೇ ಕುದಿಯುವ ಈಥರ್ ಬಳಸಿದರು. 1971ರಲ್ಲಿ ಕೆಲಸ ಮಾಡುವ ಸಾರ ಕೈಗೆ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು.

1998ರಲ್ಲಿ ದಕ್ಷಿಣ ಆಫ್ರಿಕಾದ ಎಲಾಫ್ ಹಲವು ದ್ರಾವಕಗಳನ್ನು ಹೋಲಿಸಿ ಅಸಿಟೋನ್‌ಗೆ ಮೊದಲ ಸ್ಥಾನ ಕೊಟ್ಟರು. ಅದು ಬೇಗ ಆರಿಹೋಗುತ್ತದೆ, ನಾನಾ ಬಗೆಯ ಅಂಶಗಳನ್ನು ಎಳೆಯುತ್ತದೆ. ಆರದೆ ಉಳಿದ ದ್ರಾವಕವೇ ಬ್ಯಾಕ್ಟೀರಿಯಾ ಕೊಂದರೆ ಹೆಸರು ಗಿಡಕ್ಕೆ ಬರುತ್ತದೆ, ಅಲ್ವಾ? ಅದಕ್ಕೇ ಬರೀ ದ್ರಾವಕವನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಇನ್ನೊಂದು ತೊಡಕಿದೆ. ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆಯ ಅಗರ್ ಎಂಬ ಜೆಲ್ಲಿಯಲ್ಲಿ ಜಾಸ್ತಿ ಇರುವುದು ನೀರು. ಎಣ್ಣೆಯಂಥ ಅಂಶಗಳು ಅದರಲ್ಲಿ ಅಷ್ಟಾಗಿ ಹರಡುವುದಿಲ್ಲ. ಗುಣವಿದ್ದರೂ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಚಿಕ್ಕದಾಗಿ ಕಾಣುತ್ತದೆ.

ಚಿತ್ರದುರ್ಗದ ಜೋಗಿಮಟ್ಟಿಯಿಂದ ಒಂದು ಸೊಪ್ಪು ತಂದಿರಿ ಎನ್ನಿ. ಅದರ ಮೆಥನಾಲ್ ಸಾರ ಗೆದ್ದರೆ ಮನೆಯ ಕಷಾಯವೂ ಗೆದ್ದಂತೆ ಅಲ್ಲ. ಮೆಥನಾಲ್ ವಿಷ, ಕಣ್ಣನ್ನೇ ಕಳೆಯಬಲ್ಲದು. ನೀರಿನ ಸಾರ ಸೋತರೆ ಗಿಡ ಸುಮ್ನೆ ದಂಡ ಅಂತಲೂ ಅಲ್ಲ. ಹಳ್ಳಿಯ ನಾಟಿ ವೈದ್ಯರು ಆ ಸೊಪ್ಪನ್ನು ಅರೆಯುತ್ತಾರೋ ಕುದಿಸುತ್ತಾರೋ, ಎಷ್ಟು ಹೊತ್ತು ಕುದಿಸುತ್ತಾರೆ ಎಂದು ಮೊದಲು ಕೇಳಿ ಬರೆದುಕೊಳ್ಳಬೇಕು. ಹಾಗೇ ಮಾಡಿದ ಸಾರವನ್ನು ಮೆಥನಾಲ್ ಸಾರದ ಪಕ್ಕದಲ್ಲೇ ಇಟ್ಟು ನೋಡಬೇಕು.