ಡಿಸ್ಕಿಗೆ ಬಣ್ಣ ಬೇಡ, ಬದಲಿಸಿ

ಹಳೆಯ ಲಾರಿಯನ್ನು ಮತ್ತೆ ಓಡುವಂತೆ ಮಾಡಿಸಲು ಬರುವವರು ಮೊದಮೊದಲು ಬಹಳ ಧಾರಾಳಿಗಳಾಗಿರುತ್ತಾರೆ. ಎಂಜಿನ್ ಪೂರ್ತಿ ಬಿಚ್ಚಿ ಎನ್ನುತ್ತಾರೆ, ಬ್ರೇಕಿಗೆ ಹೊಸ ಲೈನಿಂಗ್ ಹಾಕಿ ಎನ್ನುತ್ತಾರೆ, ಕ್ಯಾಬಿನ್ನಿಗೆ ಸಾಗುವಾನಿಯೇ ಆಗಬೇಕು ಎನ್ನುತ್ತಾರೆ. ಚಕ್ರದ ಹತ್ತಿರ, ಅಂದರೆ ಟೈರು ಕೂರುವ ಉಕ್ಕಿನ ಡಿಸ್ಕಿನ ಹತ್ತಿರ ಬರುತ್ತಿದ್ದಂತೆ ಕೈ ಬಿಗಿಯಾಗುತ್ತದೆ. "ಡಿಸ್ಕುಗಳು ಗಟ್ಟಿಯಾಗಿವೆ ಮೇಸ್ತ್ರಿ, ಉಜ್ಜಿ ಕೆಂಪು ಬಣ್ಣ ಹೊಡೆದುಬಿಡಿ. ಹೇಗೂ ಲೋಡ್ ಹಾಕುವುದಿಲ್ಲವಲ್ಲ!"

ಈ 'ಲೋಡ್ ಹಾಕುವುದಿಲ್ಲ' ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರು ದಡ್ಡರಲ್ಲ. ತೋಟದ ಯಜಮಾನರು, ನಿವೃತ್ತ ಎಂಜಿನಿಯರುಗಳು, ಮೂವತ್ತು ವರ್ಷ ಲಾರಿ ಓಡಿಸಿದವರು. ಎಲ್ಲರೂ ಚಕ್ರದ ಮೇಲೆ ಬೀಳುವ ಭಾರವೆಂದರೆ ಸಾಮಾನಿನ ಭಾರ ಎಂದೇ ತಿಳಿದಿದ್ದಾರೆ. ಡಿಸ್ಕನ್ನು ಸೀಳುವುದು ಸಾಮಾನಲ್ಲ, ಒಳಗಿರುವ ಗಾಳಿ. ಇದನ್ನು ಒಮ್ಮೆ ಲೆಕ್ಕ ಹಾಕಿ ತೋರಿಸುತ್ತೇನೆ, ದಯವಿಟ್ಟು ಓದಿ.

ಹಳೆಯ ಲಾರಿಯ ಡಿಸ್ಕ್ ಒಂದೇ ತುಂಡಲ್ಲ. ಟೈರನ್ನು ಒಂದು ಬದಿಯಿಂದ ತೂರಿಸಿ, ಆ ಬದಿಗೆ ಸೈಡ್ ರಿಂಗ್ ಇಟ್ಟು, ಅದು ಆಚೆ ಬರದಂತೆ ಲಾಕ್ ರಿಂಗನ್ನು ತೋಡಿನಲ್ಲಿ ಕೂರಿಸುತ್ತಾರೆ. ಒಂದು ಕಡೆ ಕತ್ತರಿಸಿ ಬಾಯಿ ಬಿಟ್ಟಿರುವ ಉಕ್ಕಿನ ಬಳೆ ಅದು. ಬೋಲ್ಟಿಲ್ಲ, ವೆಲ್ಡಿಂಗ್ ಇಲ್ಲ. ತೋಡಿನ ಅಂಚು ಗಟ್ಟಿಯಾಗಿರುವವರೆಗೆ, ಬಳೆಯ ಆಕಾರ ಕೆಡದಿರುವವರೆಗೆ ಗಾಳಿಯೇ ಅದನ್ನು ಒತ್ತಿ ಹಿಡಿದಿರುತ್ತದೆ. ಜಾಣತನದ ಏರ್ಪಾಡು. ಎರಡು ಲಿವರ್ ಇದ್ದರೆ ರಸ್ತೆಯ ಬದಿಯಲ್ಲೇ ಪಂಕ್ಚರ್ ಹಾಕಿಕೊಂಡು ಹೋಗಬಹುದಿತ್ತು.

ಈಗ ಲೆಕ್ಕ. 9.00-20 ಅಳತೆಯ ಟೈರಿಗೆ 100 ಪೌಂಡ್ ಗಾಳಿ ಹಿಡಿಸಿದ್ದೀರಿ ಎಂದುಕೊಳ್ಳಿ. ಅಂದರೆ ಪ್ರತಿ ಚದರ ಅಂಗುಲಕ್ಕೆ ಸುಮಾರು 45 ಕಿಲೋ. ಟೈರಿನ ಪಕ್ಕೆಯ ಮೂಲಕ ಆ ಸೈಡ್ ರಿಂಗಿನ ಮೇಲೆ ಬೀಳುವ ಒತ್ತಡದ ವಿಸ್ತೀರ್ಣ ಸುಮಾರು ಮುನ್ನೂರು ಚದರ ಅಂಗುಲ. ಗುಣಿಸಿ ನೋಡಿ, ಹತ್ತು ಟನ್ನಿಗೆ ಕಡಿಮೆ ಬರುವುದಿಲ್ಲ. ಇನ್ನು 12 ಟನ್ ಒಟ್ಟು ತೂಕದ, ಆರು ಚಕ್ರದ ಲಾರಿ ಪೂರ್ತಿ ಲೋಡಿನಲ್ಲಿ ನಿಂತಾಗ ಒಂದೊಂದು ಚಕ್ರದ ಪಾಲಿಗೆ ಬರುವುದು ಎರಡು ಟನ್ನಿನ ಆಸುಪಾಸು. ಖಾಲಿ ಲಾರಿ ತಾನೇ ಎಂದು 60 ಪೌಂಡಿಗೆ ಇಳಿಸಿದರೂ ರಿಂಗಿನ ಮೇಲೆ ಏಳೆಂಟು ಟನ್ ಉಳಿಯುತ್ತದೆ. ಲಾರಿ ಓಡಲಿ, ನಿಲ್ಲಲಿ, ರಾಜ್ಯೋತ್ಸವದ ಮೆರವಣಿಗೆಗೆ ಹೂವು ಮುಡಿದು ಹೊರಡಲಿ, ಈ ಭಾರ ಹಗಲೂ ರಾತ್ರಿ ಅಲ್ಲೇ ಇರುತ್ತದೆ. ಲಾರಿಯಿಂದ ಕಳಚಿ ಗೋಡೆಗೆ ಒರಗಿಸಿಟ್ಟ ಚಕ್ರದಲ್ಲೂ ಇರುತ್ತದೆ.

ಒತ್ತಡ ಹೈಡ್ರಾಲಿಕ್ ಜಾಕಿನಲ್ಲೂ ಇದೆಯಲ್ಲ ಎಂದು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಜಾಕಿನಲ್ಲಿರುವುದು ಎಣ್ಣೆ, ಅದು ಅದುಮಿದರೆ ಕುಗ್ಗುವುದಿಲ್ಲ. ಸೀಲು ಹೋದರೆ ಎಣ್ಣೆ ಸೋರುತ್ತದೆ, ಜಾಕಿ ಕುಸಿಯುತ್ತದೆ, ಅಲ್ಲಿಗೆ ಮುಗಿಯಿತು. ಗಾಳಿ ಕುಗ್ಗಿ ಕೂತಿರುತ್ತದೆ, ಬಿಗಿದ ಸ್ಪ್ರಿಂಗಿನ ಹಾಗೆ. ದಾರಿ ಸಿಕ್ಕ ಗಳಿಗೆಯಲ್ಲೇ ಅಷ್ಟೂ ಶಕ್ತಿ ಆ ಬಳೆಯನ್ನು ತಳ್ಳಿಕೊಂಡು ಆಚೆ ಬರುತ್ತದೆ. ಎದುರಿಗೆ ಕೂತು ಗಾಳಿ ಹಿಡಿಸುತ್ತಿರುವ ಹುಡುಗನ ಮುಖ ಒಂದು ಅಡಿ ದೂರದಲ್ಲಿರುತ್ತದೆ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಇಂಥದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಸ್ತಾದರು ಚಹಾ ತರಲು ನನ್ನನ್ನು ಕಳುಹಿಸಿ, ಚಕ್ರಕ್ಕೆ ಕಂಪ್ರೆಸರ್ ಪೈಪು ಸಿಕ್ಕಿಸಿ, ಬೀಡಿ ಹಚ್ಚಲೆಂದು ನಾಲ್ಕು ಹೆಜ್ಜೆ ಆಚೆ ಹೋಗಿದ್ದರು. ನಾನು ಲೋಟ ಹಿಡಿದು ರಸ್ತೆ ದಾಟುವಾಗ ಸದ್ದು ಕೇಳಿತು. ತಗಡಿನ ಮಾಡಿನಲ್ಲಿ ಚಂದ್ರನ ಚೂರಿನಂಥ ಉದ್ದನೆಯ ತೂತು ಬಿದ್ದಿತ್ತು. ರಿಂಗು ಶೆಡ್ಡಿನ ಹಿಂದಿನ ಹುಣಸೆ ಮರದ ಬುಡದಲ್ಲಿ ಸಿಕ್ಕಿತು. ಉಸ್ತಾದರು ಆ ದಿನ ಮತ್ತೆ ಕೆಲಸ ಮಾಡಲಿಲ್ಲ. ಮರುದಿನದಿಂದ ರಿಂಗಿನ ಮುಖವನ್ನು ನೆಲಕ್ಕೆ ಮಾಡಿ, ಚಕ್ರವನ್ನು ಲಾರಿಯ ಚಾಸಿಯ ಅಡಿಗೆ ತಳ್ಳಿ ಗಾಳಿ ಹಿಡಿಸುವ ಅಭ್ಯಾಸ ಮಾಡಿಕೊಂಡರು. ಇಂದಿಗೂ ಅನೇಕರು ಮಾಡುವುದು ಅದನ್ನೇ. ಏನೂ ಇಲ್ಲದಿರುವುದಕ್ಕಿಂತ ವಾಸಿ ಎನ್ನಬಹುದು, ಅಷ್ಟೇ. ರಿಂಗು ನೆಲಕ್ಕೆ ಒದ್ದರೆ ಇಡೀ ಚಕ್ರ ಮೇಲಕ್ಕೆ ನೆಗೆಯುತ್ತದೆ. ಬೇಕಾದದ್ದು ಚಕ್ರವನ್ನು ಒಳಗಿಟ್ಟು ಗಾಳಿ ಹಿಡಿಸಲು ದಪ್ಪ ಪೈಪಿನ ಗಟ್ಟಿ ಪಂಜರ, ಉದ್ದನೆಯ ಗಾಳಿ ಪೈಪು, ವಾಲ್ವಿಗೆ ತಾನಾಗಿಯೇ ಕಚ್ಚಿ ನಿಲ್ಲುವ ಕ್ಲಿಪ್ಪು, ಮತ್ತು ದೂರದಲ್ಲಿ ನಿಂತು ನೋಡಬಹುದಾದ ಗೇಜು.

ಅಮೆರಿಕದಲ್ಲಿ ಬಹುತುಂಡಿನ ಡಿಸ್ಕುಗಳ ಕೆಲಸಕ್ಕೆಂದೇ ಕಾರ್ಮಿಕ ಸುರಕ್ಷತೆಯ ನಿಯಮ 1980ರಲ್ಲಿ ಬಂತು. 1984ರಲ್ಲಿ ಒಂದೇ ತುಂಡಿನ ಡಿಸ್ಕುಗಳನ್ನೂ ಅದರೊಳಗೆ ಸೇರಿಸಿದರು. ಪಂಜರ ಹೇಗಿರಬೇಕು, ಎಷ್ಟು ಒತ್ತಡ ತಡೆಯಬೇಕು ಎಂಬುದನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ಅಲ್ಲಿನ ಹಳೆಯ ಲಾರಿಗಳಲ್ಲಿ ಫೈರ್‌ಸ್ಟೋನ್ ಆರ್‌ಎಚ್5 ಎಂಬ ಡಿಸ್ಕ್ ಇತ್ತು. ಸೈಡ್ ರಿಂಗೇ ಇಲ್ಲದೆ, ಟೈರಿನೊಳಗೆ ನಡುವಿನಲ್ಲೇ ಎರಡು ಭಾಗವಾಗುವಂಥದ್ದು. ಕೂಡಿಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಹೊರಗಿನಿಂದ ಕಾಣುವಂತೆಯೇ ಇಲ್ಲ. ಹೆಂಡತಿಯನ್ನು ವಿಧವೆ ಮಾಡುವ ಚಕ್ರ ಎಂದು ಅಲ್ಲಿನ ಕೆಲಸಗಾರರೇ ಹೆಸರಿಟ್ಟರು. ಮೊಬೈಲಿನಲ್ಲಿ ಅದರ ವಿಡಿಯೋ ನೋಡಿ, ಗಟ್ಟಿಮುಟ್ಟಾದ ಮೂರು ತುಂಡಿನ ಡಿಸ್ಕನ್ನೂ ಬಿಸಾಡಬೇಕೇ ಎಂದು ಕೆಲವರು ಗಾಬರಿಯಿಂದ ಕರೆ ಮಾಡುತ್ತಾರೆ. ಎಲ್ಲ ರಿಂಗಿನ ಡಿಸ್ಕೂ ಒಂದೇ ಅಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ, ಒಂದೇ ತಯಾರಕರ ತುಂಡುಗಳಿರುವ ಮೂರು ತುಂಡಿನ ಡಿಸ್ಕಿನಲ್ಲಿ ತಿಳಿದವರು ಸುರಕ್ಷಿತವಾಗಿ ಕೆಲಸ ಮಾಡಬಹುದು. ಆದರೆ ಒಳ್ಳೆಯ ಸ್ಥಿತಿ ಯಾವುದು ಎಂಬುದನ್ನು ಬಿಚ್ಚದೆ ಹೇಳಲು ನನ್ನಿಂದಾಗದು.

ಕಳೆದ ವರ್ಷ ಮುಂಗಾರಿಗೆ ಮೊದಲು ಸಕಲೇಶಪುರದ ಕಡೆಯ ಕಾಫಿ ತೋಟದ ಹಿರಿಯರೊಬ್ಬರು ಬಂದರು. ಅವರ ತಂದೆಯ ಕಾಲದ ಟಾಟಾ ಬೆಂಜ್ ಲಾರಿ, ಮೂತಿ ಮುಂದೆ ಚಾಚಿದ್ದು, ಬಾನೆಟ್ಟಿನ ಮೇಲೆ ಬೆಂಜ್ ಗುರುತಿನ ನಕ್ಷತ್ರ ಇನ್ನೂ ಇತ್ತು. ಡೈಮ್ಲರ್-ಬೆಂಜ್ ಜೊತೆಗಿನ ಟಾಟಾ ಒಪ್ಪಂದ 1954ರಲ್ಲಿ ಶುರುವಾಗಿ 1969ಕ್ಕೆ ಮುಗಿಯಿತು. ಹಾಗಾಗಿ ನಕ್ಷತ್ರ ಕಂಡರೆ ಲಾರಿಯ ವಯಸ್ಸನ್ನು ಸುಮಾರಾಗಿ ಹೇಳಿಬಿಡಬಹುದು. ಮೊಮ್ಮಗಳ ಮದುವೆಯ ದಿಬ್ಬಣ ಅದರಲ್ಲೇ ಹೋಗಬೇಕೆಂಬುದು ಅವರ ಆಸೆ. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತು ಮಳೆಗಾಲ ನಿಂತಿದ್ದ ಗಾಡಿ ಅದು. "ಸುಮ್ಮನೆ ನಿಂತಿತ್ತು, ಸವೆದಿಲ್ಲ" ಎಂದರು. ಮಲೆನಾಡಿನಲ್ಲಿ ನಿಂತ ಡಿಸ್ಕು ಓಡಿದ್ದಕ್ಕಿಂತ ಬೇಗ ಕೆಡುತ್ತದೆ. ತೇವ ರಿಂಗಿನ ಸಂದಿಗೆ ಇಳಿದು ಅಲ್ಲೇ ಕೂರುತ್ತದೆ.

ಹೊರಗಿನಿಂದ ಡಿಸ್ಕುಗಳು ಚೆನ್ನಾಗಿಯೇ ಕಂಡವು. ಅವರ ಊರಿನ ಪೇಂಟರ್ ಆಗಲೇ ಎರಡಕ್ಕೆ ಬಣ್ಣ ಹೊಡೆದಿದ್ದ. ಅದರಲ್ಲೊಂದನ್ನು ಬಿಚ್ಚಿದೆ. ತೋಡಿನೊಳಗೆ ಬೆರಳಾಡಿಸಿದರೆ ತುಕ್ಕು ಹಪ್ಪಳದಂತೆ ಎದ್ದು ಬಂತು. ಅದರ ಅಡಿಯಲ್ಲಿ ಅಂಚು ಒಂದೆಡೆ ಉಗುರಿನಷ್ಟು ತೆಳ್ಳಗಾಗಿತ್ತು. ಇನ್ನೊಂದೆಡೆ ಗುಳಿ ಬಿದ್ದ ಜಾಗಕ್ಕೆ ಪುಟ್ಟಿ ಮೆತ್ತಿ ನುಣುಪು ಮಾಡಿದ್ದ. ಹತ್ತು ಟನ್ ಹೊರುವ ಅಂಚಿಗೆ ಪುಟ್ಟಿ! ಆ ಹುಡುಗನ ಮೇಲೆ ಕೋಪ ಬರಲಿಲ್ಲ, ಅವನು ಬಾಗಿಲಿಗೆ ಮಾಡುವುದನ್ನೇ ಚಕ್ರಕ್ಕೂ ಮಾಡಿದ್ದ. ಚಂದ ಮಾಡಿಕೊಡು ಎಂದಷ್ಟೇ ಅವನಿಗೆ ಹೇಳಿದ್ದವರ ಮೇಲೆ ಬಂತು.

ಯಜಮಾನರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಎರಡನೆಯ ಡಿಸ್ಕನ್ನು ಅವರೆದುರೇ ತಂತಿ ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆ ಹಚ್ಚಿದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ನಿಧಾನವಾಗಿ ಮೂಡಿತು, ಸ್ಟಡ್ (ವೀಲ್ ನಟ್ಟು ಕೂರುವ ಬೋಲ್ಟು) ತೂತಿನಿಂದ ಹೊರಟು ನಡುವಿನ ದೊಡ್ಡ ತೂತಿನ ಕಡೆಗೆ. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಹೀರಿ ತೋರಿಸುತ್ತದೆ. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಗೆರೆ ಮೂಡದಿದ್ದರೆ ಬಿರುಕೇ ಇಲ್ಲ ಎಂದಲ್ಲ, ಇದು ಹಳೆಯ ಕೈಮದ್ದು. ಆದರೆ ಗೆರೆ ಮೂಡಿದರೆ ಮಾತು ಮುಗಿಯಿತು. ಬಿರುಕು ಬಿಟ್ಟ ಡಿಸ್ಕನ್ನು ವೆಲ್ಡಿಂಗ್ ಮಾಡಬಾರದು, ಕಾಯಿಸಿ ನೆಟ್ಟಗೆ ಮಾಡಬಾರದು. ಟೈರ್ ಮೇಲಿರುವಾಗ ಹಿಡಿದುಕೊಂಡ ನಟ್ಟಿಗೆ ಗ್ಯಾಸ್ ಬೆಂಕಿ ಹಿಡಿಯುವುದಂತೂ ಬೇಡವೇ ಬೇಡ. ಕಾದ ರಬ್ಬರಿನಿಂದ ಅನಿಲ ಎದ್ದು ಹೊತ್ತಿಕೊಂಡರೆ ಗಾಳಿ ಬಿಟ್ಟ ಟೈರೂ ಸಿಡಿಯಬಲ್ಲದು.

ಇಂಥ ಬಿರುಕಿನ ಡಿಸ್ಕನ್ನು ಅಲ್ಲಿಯವರೆಗೆ ಹಿಡಿದಿಟ್ಟಿದ್ದು ಯಾವುದು ಗೊತ್ತೇ? ಎಷ್ಟೋ ವೇಳೆ ವೀಲ್ ನಟ್ಟುಗಳೇ. ಹಿಂದಿನ ಜೋಡಿ ಚಕ್ರದಲ್ಲಿ ಎರಡು ಡಿಸ್ಕುಗಳು ಒಂದಕ್ಕೊಂದು ಅಮುಕಿಕೊಂಡಿರುತ್ತವೆ. ಗಾಳಿ ತುಂಬಿರುವಾಗಲೇ ನಟ್ಟು ಸಡಿಲಿಸಿದರೆ ಹಿಡಿತ ತಪ್ಪಿ ಅದು ಮುಖಕ್ಕೇ ಬರಬಹುದು. ಆದ್ದರಿಂದ ಮೊದಲು ಗಾಳಿ, ಆಮೇಲೆ ನಟ್ಟು. ವಾಲ್ವ್ ಪಿನ್ ಪೂರ್ತಿ ತೆಗೆಯಿರಿ, ಜೋಡಿ ಚಕ್ರವಾದರೆ ಎರಡರದ್ದೂ. ಸಣ್ಣ ತಂತಿ ತೂರಿಸಿ ವಾಲ್ವು ಕಸದಿಂದ ಕಟ್ಟಿಲ್ಲವೆಂದು ನೋಡಿ. ಟೈರು ಚಪ್ಪಟೆಯಾಗಿ ಕಾಣುತ್ತಿದೆ ಎಂದು ಬಿಡಬೇಡಿ. ಹಾಗೆಯೇ ವರ್ಷಗಟ್ಟಲೆ ಗಾಳಿ ಇಳಿದು ನಿಂತ ಟೈರಿಗೆ ಇದ್ದಲ್ಲೇ ಗಾಳಿ ಹಿಡಿಸಬೇಡಿ, ಒಳಗೆ ರಿಂಗು ಜರುಗಿರಬಹುದು. ಅಮೆರಿಕದ ಆ ನಿಯಮದ ಪ್ರಕಾರ, ಇರಬೇಕಾದ ಒತ್ತಡದ 80 ಪ್ರತಿಶತ ಅಥವಾ ಅದಕ್ಕೂ ಕಡಿಮೆ ಗಾಳಿಯಲ್ಲಿ ಓಡಿದ್ದರೆ ಬಿಚ್ಚಿ ನೋಡಲೇಬೇಕು. ಗಾಳಿ ಏರುತ್ತಿರುವಾಗ ರಿಂಗು ಓರೆಯಾಗಿ ಕಂಡಿತೆಂದು ಸುತ್ತಿಗೆಯಿಂದ ತಟ್ಟುವವರನ್ನು ಈಗಲೂ ನೋಡುತ್ತೇನೆ. ಕೈ ಮುಗಿದು ಕೇಳುತ್ತೇನೆ, ತಟ್ಟಬೇಡಿ. ಗಾಳಿ ಬಿಟ್ಟು, ಬಿಚ್ಚಿ, ಮತ್ತೆ ಕೂರಿಸಿ.

ಬದಲಿಸುವುದು ಹೇಗೆ ಎಂಬುದು ಅಷ್ಟು ಕಷ್ಟದ ವಿಷಯವಲ್ಲ. ಅದೇ ಅಳತೆಯ ಹೊಸ ಮೂರು ತುಂಡಿನ ಡಿಸ್ಕ್ ಸಿಕ್ಕರೆ ನೋಟವೂ ಉಳಿಯುತ್ತದೆ. ಆದರೆ ಮೂರು ತುಂಡೂ ಒಂದೇ ಕಡೆಯದಾಗಿರಲಿ. ಗುಜರಿಯಲ್ಲಿ ಒಂದು, ಇನ್ನೊಂದು ಲಾರಿಯದು ಒಂದು ಎಂದು ಹೊಂದಿಸಬೇಡಿ. ರಿಂಗುಗಳು ಅಕ್ಕತಂಗಿಯರ ಹಾಗೆ ಕಂಡರೂ ತೋಡಿನ ಆಕಾರ ಬೇರೆ ಬೇರೆ. ಟ್ಯೂಬ್‌ಲೆಸ್ ಒಂದೇ ತುಂಡಿನ ಡಿಸ್ಕಿಗೆ ಹೋಗುವುದಾದರೆ 9.00-20ರ ಜಾಗಕ್ಕೆ ಸಾಮಾನ್ಯವಾಗಿ 10ಆರ್22.5, 10.00-20ರ ಜಾಗಕ್ಕೆ 11ಆರ್22.5 ಅಳತೆಯ ಟೈರು ಬರುತ್ತದೆ. ಸ್ಟಡ್ಡುಗಳ ಸುತ್ತಳತೆ, ನಡುವಿನ ತೂತು, ಡ್ರಮ್ಮಿಗೆ ಇರುವ ಅಂತರ, ಜೋಡಿ ಟೈರುಗಳ ನಡುವಿನ ಸಂದಿ, ಇವೆಲ್ಲವನ್ನೂ ಗಾಡಿಯ ಮೇಲೇ ಅಳೆಯಬೇಕು. ನಟ್ಟಿನ ತಳ ಗುಂಡಗಿದೆಯೋ, ಓರೆಯಿದೆಯೋ, ಚಪ್ಪಟೆಯೋ ಎಂದು ನೋಡಿ ಡಿಸ್ಕಿನ ತೂತಿಗೆ ಹೊಂದಿಸಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಎಡಗಡೆಯ ನಟ್ಟುಗಳಿಗೆ ಉಲ್ಟಾ ತ್ರೆಡ್ ಇರುತ್ತದೆ. ನಿಮ್ಮ ಗಾಡಿಗೆ ಯಾವುದು ಎಂದು ನೋಡದೆ ನಾನು ಹೇಳಲಾರೆ, ಬೇರೆ ಯಾರಾದರೂ ಹೇಳಿದರೆ ನಂಬಬೇಡಿ. ಮತ್ತೆ, ಸ್ಟೆಪ್ನಿಯನ್ನು ಮರೆಯಬೇಡಿ. ವೇಲ್ಸ್‌ನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದ ಈ ಹೆಸರು ನಮ್ಮ ಹಳ್ಳಿಹಳ್ಳಿಯ ಬಾಯಲ್ಲೂ ಇದೆ, ಆದರೆ ಡಿಸ್ಕ್ ಬದಲಿಸುವಾಗ ಎಲ್ಲರೂ ಆರೇ ಎಣಿಸುತ್ತಾರೆ.

ಯಜಮಾನರು ಕೊನೆಗೆ ಏಳೂ ಡಿಸ್ಕುಗಳನ್ನು ಬದಲಿಸಲು ಒಪ್ಪಿದರು. ಹಳೆಯವನ್ನು ಗುಜರಿಗೆ ಹಾಗೆಯೇ ಕೊಡಲು ನಾನು ಬಿಡುವುದಿಲ್ಲ. ಅವು ಬಣ್ಣ ಹೊಡೆಸಿಕೊಂಡು ಇನ್ನೊಬ್ಬರ ಲಾರಿಗೆ ಬರುತ್ತವೆ. ಟೈರು ತೆಗೆದ ಬರೀ ಡಿಸ್ಕುಗಳನ್ನು ಅಂಗಳದಲ್ಲಿ ಸಾಲಾಗಿ ಮಲಗಿಸಿ, ಗ್ಯಾಸ್ ಕಟ್ಟರ್‌ನಿಂದ ಒಂದೊಂದನ್ನೂ ಎರಡು ಹೋಳು ಮಾಡಿದೆ. ಅವರು ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದರು. ಐದನೆಯದರ ಹತ್ತಿರ ಬಂದಾಗ, "ಒಂದು ಸೈಡ್ ರಿಂಗು ಕೊಡುತ್ತೀರಾ?" ಎಂದು ಕೇಳಿದರು. ತಂದೆಯ ಕಾಲದಲ್ಲಿ ತೋಟದ ಆಳುಗಳನ್ನು ಕರೆಯಲು ಕಣದ ಮುಂದಿನ ಹಲಸಿನ ಮರಕ್ಕೆ ಇಂಥದ್ದೇ ಒಂದು ನೇತು ಹಾಕಿದ್ದರಂತೆ. ಒಂದೊಂದನ್ನೂ ಹಗ್ಗದಲ್ಲಿ ಎತ್ತಿ ಹಿಡಿದು ಸ್ಪ್ಯಾನರಿನಿಂದ ತಟ್ಟಿದೆವು. ಮೂರು ಒಡಕು ಮಡಕೆಯಂತೆ ಸದ್ದು ಮಾಡಿದವು. ನಾಲ್ಕನೆಯದು ಬಹಳ ಹೊತ್ತು ದನಿಗುಟ್ಟಿತು. ಅದನ್ನು ಲಾರಿಯ ಕ್ಯಾಬಿನ್ನಿನಲ್ಲಿ, ತಮ್ಮ ಕಾಲ ಬಳಿ ಇಟ್ಟುಕೊಂಡು ಹೊಸ ಚಕ್ರಗಳ ಮೇಲೆ ಊರಿಗೆ ಹೊರಟರು.