ಚೆನ್ನಾಗೇನೋ ಇದೆ

ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ತಂಗಿಯನ್ನು ನೋಡೋಕೆ ಹುಡುಗನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು, ಟೀ ಎಲ್ಲ ಆಯ್ತು. ಅಪ್ಪ "ಮತ್ತೆ ಹೆಂಗೆ?" ಅಂದರು. ಹುಡುಗನ ಮಾವ ಖಾಲಿ ಲೋಟವನ್ನು ಟೀಪಾಯಿ ಮೇಲೆ ಒಂಚೂರು ಆಚೆ ಸರಿಸಿದರು. ಆಮೇಲೆ, "ಹುಡುಗಿ ಚೆನ್ನಾಗೇನೋ ಇದಾಳೆ. ಮನೇಲಿ ಮಾತಾಡಿ ಫೋನ್ ಮಾಡ್ತೀವಿ" ಅಂದರು. ಅವರ ಕಾರು ಓಣಿ ದಾಟುವ ಮೊದಲೇ ದೊಡ್ಡಮ್ಮ ತಟ್ಟೆ ಎತ್ತುತ್ತಾ, "ಫೋನೂ ಬರಲ್ಲ, ಗೀನೂ ಬರಲ್ಲ ತಗಾ" ಅಂದುಬಿಟ್ಟರು.

ಬರಲಿಲ್ಲ.

ದೊಡ್ಡಮ್ಮ ಹಿಡಿದದ್ದು ಆ 'ಏನೋ'ವನ್ನು. 'ಚೆನ್ನಾಗಿದೆ' ಅಂದರೆ ಚೆನ್ನಾಗಿದೆ. 'ಚೆನ್ನಾಗೇನೋ ಇದೆ' ಅಂದರೆ ಅದರ ಬೆನ್ನಿಗೆ ಒಂದು 'ಆದರೆ' ಅಡಗಿ ಕೂತಿದೆ. ಎರಡೇ ಅಕ್ಷರ, ಇಡೀ ಸಂಬಂಧ ಮುರಿದುಬಿತ್ತು. ಇದನ್ನು ನಿಘಂಟು ನೋಡಿ ಕಲಿಯೋಕೆ ಆಗಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಇಂಥ ಮಾತಿಗೆ ಒಂದು ಚೌಕಟ್ಟು ಕೊಟ್ಟರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಮಾತಿನಲ್ಲೇ ಇರುತ್ತದೆ. ಜರ್ಮನರು, ಸ್ವಿಸ್ ಜನ ಹೀಗೆ ಕಡ್ಡಿ ಮುರಿದ ಹಾಗೆ ಹೇಳುವವರು. ಇನ್ನು ಕೆಲವು ಕಡೆ ಅರ್ಧ ಅರ್ಥ ಮಾತಿನ ಹೊರಗಿರುತ್ತದೆ. ಯಾರು ಹೇಳಿದರು, ಯಾರ ಎದುರು, ಯಾವಾಗ ಅನ್ನುವುದರಲ್ಲಿ. ಜಪಾನಿಗಳನ್ನೂ ಅರಬರನ್ನೂ ಅವರು ಈ ಗುಂಪಿಗೆ ಸೇರಿಸಿದರು. ಓದೋಕೆ ಚೆನ್ನಾಗಿದೆ (ಇಲ್ಲೂ ಒಂದು 'ಏನೋ' ಸೇರಿಸಬೇಕು). ಹಾಲ್ ಕಣ್ಣಿಗೆ ಕಂಡದ್ದನ್ನು ಬರೆದರೇ ಹೊರತು ಅಳತೆಗೋಲು ಹಿಡಿದು ಅಳೆದಿರಲಿಲ್ಲ.

ಅಳೆದವರು ಆಮೇಲೆ ಬಂದರು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಭಾಷೆಗಳಲ್ಲಿ ಇದನ್ನು ಲೆಕ್ಕ ಹಾಕಿತು. ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಎಲ್ಲರಿಗಿಂತ ಬೇಗ ಉತ್ತರಿಸಿದವರು ಯಾರು ಗೊತ್ತಾ? ಸುತ್ತಿ ಬಳಸಿ ಮಾತಾಡ್ತಾರೆ ಅಂತ ಹೆಸರಾದ ಜಪಾನಿಗಳು! ಎಲ್ಲರಿಗಿಂತ ನಿಧಾನ ಡೆನ್ಮಾರ್ಕಿನವರು. ಅವರಿಬ್ಬರ ನಡುವಿನ ಅಂತರವೂ ಅರ್ಧ ಸೆಕೆಂಡಿನೊಳಗೇ.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಒಪ್ಪಿಗೆಯ ಉತ್ತರ ಬೇಗ ಬರುತ್ತದೆ, 'ಇಲ್ಲ' ಅನ್ನುವುದು ತಡವಾಗಿ ಬರುತ್ತದೆ. ಆ ಮಾವ ಲೋಟ ಸರಿಸಿದರಲ್ವಾ, ಅಷ್ಟು ಹೊತ್ತು. ದೊಡ್ಡಮ್ಮನ ಕಿವಿ ಅದನ್ನೂ ಎಣಿಸಿತ್ತು ಅಂತ ಕಾಣುತ್ತೆ.

ಹಾಗಂತ ನಾವೆಲ್ಲ ಅಡ್ಡಗೋಡೆ ಮೇಲೆ ದೀಪ ಇಡುವವರು ಅಂತಲ್ಲ. ಇದೇ ದೊಡ್ಡಮ್ಮ ಮಗನಿಗೆ "ಏ, ನೀರು ತಾ" ಅಂತಾರೆ. ಪಕ್ಕದ ಮನೆಯವರ ಹತ್ತಿರ ಸಾಲ ಕೇಳಬೇಕಾದಾಗ ಮಾತ್ರ ಮಳೆಯಿಂದ ಶುರು ಮಾಡಿ, ಮೆಕ್ಕೆಜೋಳದ ರೇಟಿಗೆ ಬಂದು, ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಬಾಯಿ ಬಿಡ್ತಾರೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಭಾಷಾ ಸಂಶೋಧಕರು 1978ರಲ್ಲಿ ಹೇಳಿದ್ದೂ ಇದನ್ನೇ. ಎದುರಿಗಿರುವವರು ನಮಗೆ ಎಷ್ಟು ದೂರದವರು, ಅವರ ಕೈ ಎಷ್ಟು ಮೇಲಿದೆ, ಕೇಳುತ್ತಿರುವುದು ಎಷ್ಟು ಭಾರದ್ದು? ಮೂರೂ ಸೇರಿ ಮಾತು ಎಷ್ಟು ಸುತ್ತಬೇಕು ಅಂತ ತೀರ್ಮಾನಿಸುತ್ತವೆ. ಆದರೆ ಯಾವುದು ಭಾರ ಅನ್ನೋದು ಊರಿಂದ ಊರಿಗೆ ಬೇರೆ. ಅವರು ಆಧಾರ ಮಾಡಿಕೊಂಡದ್ದು ಇಂಗ್ಲಿಷ್, ಮೆಕ್ಸಿಕೊದ ತ್ಸೆಲ್ತಾಲ್ ಮತ್ತು ನಮ್ಮ ಪಕ್ಕದ ಕೊಯಮತ್ತೂರು ಕಡೆಯ ಹಳ್ಳಿಯೊಂದರ ತಮಿಳು. ದಾವಣಗೆರೆಗೆ ಬಂದಿದ್ದರೂ ಸಾಮಾನು ಕಡಿಮೆ ಬೀಳುತ್ತಿರಲಿಲ್ಲ.

ಮೊನ್ನೆ ತಂಗಿಗೆ ಇನ್ನೊಂದು ಸಂಬಂಧ ಬಂತು. ಹುಡುಗ ಜರ್ಮನಿಯಲ್ಲಿದ್ದಾನೆ, ವಿಡಿಯೋ ಕಾಲ್‌ನಲ್ಲೇ ಮಾತು. ದೊಡ್ಡಮ್ಮ "ನಮ್ಮ ಹುಡುಗಿ ಒಪ್ಪಿಗೆನಾಪ್ಪಾ?" ಅಂತ ನೇರವಾಗೇ ಕೇಳಿದರು. ಅವನು ಕಣ್ಣು ಮಿಟುಕಿಸದೆ ಹಾಗೇ ನಿಂತ. ದೊಡ್ಡಮ್ಮನ ಹುಬ್ಬು ಗಂಟಾಯಿತು. ಆಮೇಲೆ ಸ್ಪೀಕರಿನಿಂದ ಒಂದೇ ಸಲಕ್ಕೆ ಮೂರು ಸಲ "ಒಪ್ಪಿಗೆ" ಅಂತ ಕೇಳಿಸಿತು. ನಮ್ಮನೆ ನೆಟ್ ಅವತ್ತು ನಿಧಾನ ಇತ್ತು.